ಸರೇವೋಕನಿಗೆ ಅವತ್ತು ಹುಷಾರಿರಲಿಲ್ಲ

ಮೊನ್ನೆ ಭಾನುವಾರ ಗೋಪನಕೊಪ್ಪದ ಮನೆಗೆ ಹೋಗಿದ್ದೆ. ಅಣ್ಣನ ಮಗಳು ಪಿಯುಸಿ ಪರೀಕ್ಷೆ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಆಡ್ತಿದ್ದದ್ದು ಬಾಲ್ಡರ್ಸ್ ಗೇಟ್ 3. ಅದರಲ್ಲೂ 'ಎಕ್ಸ್‌ಪ್ಲೋರರ್', ಅಂದರೆ ಎಲ್ಲಕ್ಕಿಂತ ಸುಲಭದ ಮಟ್ಟ. ಅಣ್ಣ ಹಿಂದೆ ನಿಂತು ಗೊಣಗುತ್ತಿದ್ದ.

"ಇದೇನ್ ಆಟ? ಹೊಡದಾಟ ಬ್ಯಾಡಂದ್ರ ಸಿನಿಮಾ ನೋಡ್ಕೊಂತ ಕೂಡು."

"ಪಪ್ಪಾ, ನನಗ ಕತಿ ಬೇಕು. ಒಂದ ಜಗಳಾ ಹತ್ತ ಸಲ ಆಡ್ಕೊಂತ ಕೂಡಾಕ ನನಗ ಟೈಮಿಲ್ಲ."

ಇಬ್ಬರೂ ನನ್ನ ಮುಖ ನೋಡಿದರು, ನ್ಯಾಯ ಹೇಳು ಅನ್ನೋ ಹಾಗೆ. ನಾನು ಚಹಾದ ನೆಪ ಹೇಳಿ ಅಡಿಗೆಮನೆಗೆ ಎದ್ದು ಹೋದೆ. ಕಾರಣ ಇತ್ತು. ಇದೇ ವಿಷಯದಲ್ಲಿ ನಾನು ಅಣ್ಣನಿಂದ ಒಂದು ಗುಟ್ಟನ್ನು 2002ರಿಂದ ಮುಚ್ಚಿಟ್ಟುಕೊಂಡು ಬಂದಿದ್ದೆ.

ಆ ವರ್ಷ ಬೇಸಿಗೆಯಲ್ಲಿ ನಮ್ಮ ಆಯಿ (ಅವ್ವನ ಅವ್ವ) ಕಣ್ಣಿನ ಪೊರೆ ತೆಗೆಸಲಿಕ್ಕೆ ನವಲಗುಂದದ ಕಡೆಯ ಹಳ್ಳಿಯಿಂದ ನಮ್ಮಲ್ಲಿಗೆ ಬಂದಿದ್ದಳು. ಆಪರೇಶನ್ ಆದ ಮೇಲೆ ಕರಿ ಕನ್ನಡಕ, ಒಲೆ ಮುಂದೆ ಹೋಗಂಗಿಲ್ಲ, ಟೀವಿ ನೋಡಂಗಿಲ್ಲ. ಆಯಿಗೆ ಹೊತ್ತೇ ಹೋಗವಲ್ದು. ಮನೆಯಲ್ಲಿ ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಇತ್ತು. ಅದರಲ್ಲಿ ನಾನೂ ಅಣ್ಣನೂ ಬಾಲ್ಡರ್ಸ್ ಗೇಟ್ ಶುರು ಮಾಡಿದ್ದೆವು. ಈಗಿನ 3 ಅಲ್ಲ, 1998ರಲ್ಲಿ ಬಂದ ಮೊದಲನೆಯದು. ಐದು ಸೀಡಿ! ಊರಿಂದ ಊರಿಗೆ ಹೋದರೆ "ಮುಂದಿನ ಸೀಡಿ ಹಾಕು" ಅಂತ ಕೇಳೋದು.

ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ನೀವು ಒಬ್ಬರೇ ಅಲ್ಲ, ಆರು ಜನರವರೆಗಿನ ಒಂದು ಗುಂಪು. ದಾರಿಯಲ್ಲಿ ಸಿಕ್ಕವರನ್ನು ಸೇರಿಸಿಕೊಂಡು ಹೋಗಬೇಕು. ಜಗಳ ಶುರುವಾದರೆ ಸ್ಪೇಸ್‌ಬಾರ್ ಒತ್ತಿ ಎಲ್ಲವನ್ನೂ ನಿಲ್ಲಿಸಿ, ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವ ಮಂತ್ರ ಹಾಕಬೇಕು ಅಂತ ಒಬ್ಬೊಬ್ಬರಿಗೂ ಹೇಳಿ ಮತ್ತೆ ಬಿಡಬೇಕು. ಮೊದಮೊದಲು ಒಂದು ತೋಳ ಬಂದರೂ ಮಾಂತ್ರಿಕ ಢಮಾರ್. ಮೊದಲ ಛತ್ರದ ಮೆಟ್ಟಿಲ ಮೇಲೆ ಒಬ್ಬ ಕೊಲೆಗಾರ ಮಂತ್ರವಾದಿ ನಿಂತಿರ್ತಾನೆ. ಅವನ ಕೈಯಲ್ಲಿ ಸಾಯದೆ ಮುಂದೆ ಹೋದವರು ಯಾರಾದ್ರೂ ಇದ್ದರೆ ಕೈ ಎತ್ತಿ!

ನಮ್ಮಲ್ಲಿ ಕೆಲಸ ಹಂಚಿಕೆ ಆಗಿತ್ತು. ಮೌಸ್ ಅಣ್ಣನದು, ಇಂಗ್ಲಿಷ್ ಓದೋದು ನನ್ನದು. ಆಯಿ ಪಕ್ಕದ ಮಂಚದ ಮೇಲೆ ಕೂತು "ಏನ್ ಮಾತಾಡಾಕತ್ತಾರೋ ಅವ್ರು?" ಅಂತ ಕೇಳಿದಾಗ, ಓದಿದ್ದನ್ನು ನಮ್ಮ ಹುಬ್ಬಳ್ಳಿ ಮಾತಿನಲ್ಲಿ ಹೇಳತೊಡಗಿದೆ. ಎರಡೇ ದಿನದಲ್ಲಿ ಆಯಿಗೆ ಹುಚ್ಚು ಹಿಡೀತು. ಸಣ್ಣಾಕಿ ಇದ್ದಾಗಿಂದ ದೊಡ್ಡಾಟ ನೋಡಿ ಬೆಳೆದವಳು. ದೊಡ್ಡಾಟದಲ್ಲಿ ಸಾರಥಿ ಅಂತ ಒಬ್ಬ ಇರ್ತಾನಲ್ಲ, ರಂಗಕ್ಕೆ ಬಂದ ಪಾತ್ರವನ್ನು ನಿಲ್ಲಿಸಿ ನೀ ಯಾರು, ಎಲ್ಲಿಂದ ಬಂದಿ ಅಂತ ಕೇಳೋನು, ಹಾಗೆ ಒಬ್ಬೊಬ್ಬರ ಕುಲಗೋತ್ರ ವಿಚಾರಿಸುತ್ತಿದ್ದಳು. ಆಕೆಯ ಅಚ್ಚುಮೆಚ್ಚು ಮಿನ್ಸ್ಕ್. ದೈತ್ಯ ಆಳು, ತಲೆ ಸ್ವಲ್ಪ ಸಡಿಲ, ಜೋಡಿಗೆ 'ಬೂ' ಅನ್ನೋ ಅಂಗೈಯಗಲದ ಹ್ಯಾಮ್‌ಸ್ಟರ್. ಆಯಿಗೆ ಅದು ಇಲಿ.

ಮಿನ್ಸ್ಕ್‌ನ ಜೊತೆಗಾತಿ ಡೈನಾಹೀರಳನ್ನು ಬಿಡಿಸಿಕೊಂಡು ಬರಲು ನಾಯಿಮೋರೆಯ ನೋಲ್‌ಗಳ ಕೋಟೆಗೆ ಹೋದ ರಾತ್ರಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಣ್ಣ ಸೇವ್ ಮಾಡೋದು ಮರೆತಿದ್ದ. ಒಬ್ಬೊಬ್ಬರಾಗಿ ನಾಲ್ಕು ಜನ ಬಿದ್ದರು. ನಮ್ಮ ನಾಯಕ ಮೂಲೆಯಲ್ಲಿ, ಬಾಣ ಖಾಲಿ. (ನಾಯಕ ಸತ್ತರೆ ಆಟವೇ ಮುಗಿದಂತೆ.) ಮುಂದೆ ಮಿನ್ಸ್ಕ್ ಒಬ್ಬನೇ. ಇನ್ನೊಂದು ಪೆಟ್ಟು ಬಿದ್ದರೆ ಅವನೂ ಹೋದ. ನಾನು ಒಂದೊಂದು ಏಟನ್ನೂ ಹೇಳ್ತಾ ಇದ್ದೆ, ನನ್ನ ದನಿಯೂ ನಡುಗ್ತಿತ್ತು. ಕೊನೆಯ ನೋಲ್ ಬಿದ್ದಾಗ ಅಣ್ಣ ಕುರ್ಚಿಯಿಂದ ಜಿಗಿದ. ಆಯಿ ಮಾತ್ರ ಕೇಳಿದ್ದು ಒಂದೇ, "ಇಲಿ ಬದುಕೈತೇನೋ?"

ಹೀಗೇ ಒಂದು ತಿಂಗಳು ದಾಟಿತು. ಕೊನೆಗೆ ಎದುರಾದವನು ಸರೇವೋಕ್. ಕತೆಯ ಪ್ರಕಾರ ಅವನೂ ನಮ್ಮ ನಾಯಕನೂ ಒಬ್ಬನೇ ತಂದೆಯ ಮಕ್ಕಳು. ಭಾಲ್ ಎಂಬ ಸತ್ತ ದೇವರ ಸಂತಾನ. ಇದನ್ನು ಹೇಳಿದಾಗ ಆಯಿ ಗಲ್ಲದ ಮೇಲೆ ಕೈ ಇಟ್ಟುಕೊಂಡು, "ಅಂತೂ ಅಣ್ಣತಮ್ಮರ ಜಗಳಾನ ಬಂತು ನೋಡು, ಭಾರತಾನ ಆತು" ಅಂದಳು.

ಆದರೆ ಆ ಜಗಳ ಮುಗೀಲಿಲ್ಲ. ಸರೇವೋಕನ ಜೊತೆ ಒಬ್ಬ ಬಿಲ್ಲುಗಾರ, ಒಬ್ಬ ಮಾಂತ್ರಿಕ, ಇನ್ನೊಬ್ಬ ದೈತ್ಯ, ನೆಲದ ತುಂಬ ಬಲೆ. ದಿನಾ ರಾತ್ರಿ ಸೋಲು, ಲೋಡ್, ಮತ್ತೆ ಸೋಲು. ಮೊದಲ ಎರಡು ದಿನ ನಾನು ಉತ್ಸಾಹದಿಂದ ಹೇಳಿದೆ. ಮೂರನೇ ದಿನ ಹೇಳಲು ಹೊಸದೇನೂ ಇರಲಿಲ್ಲ. ಆಯಿ ಕೂತಲ್ಲೇ ತೂಕಡಿಸುತ್ತಿದ್ದಳು. ಆಪ್ಶನ್ಸ್‌ನಲ್ಲಿ ಕಷ್ಟ ಕಡಿಮೆ ಮಾಡೋ ಸ್ಲೈಡರ್ ಇತ್ತು. ಹೇಳಿದ್ದಕ್ಕೆ ಅಣ್ಣ ಕೆಂಡ. "ಹಂಗ ಗೆದ್ರ ಅದು ಗೆಲುವೇನಲೇ?"

ಅಷ್ಟರಲ್ಲಿ ಆಯಿ ಊರಿಗೆ ಹೊರಡೋ ದಿನ ಬಂತು. ಮರುದಿನ ಮುಂಜಾನೆ ಮಾಮಾ ಕರೆದೊಯ್ಯಲು ಬರೋನಿದ್ದ. ಹಿಂದಿನ ರಾತ್ರಿ ಅಣ್ಣ ಊಟಕ್ಕೆ ಎದ್ದಾಗ ನಾನು ಕದ್ದು ಸ್ಲೈಡರನ್ನು ತೀರಾ ಎಡಕ್ಕೆ ಎಳೆದುಬಿಟ್ಟೆ. ಊಟ ಮಾಡಿ ಬಂದು ಕೂತ ಅಣ್ಣ ಮೊದಲ ಸಲಕ್ಕೇ ಗೆದ್ದ! ಕುಣಿದಾಡಿದ. ನಾನೂ ಕುಣಿದಂತೆ ಮಾಡಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು,

"ಯಾಕೋ, ಇವತ್ತ ಅವಗ ಹುಷಾರಿರ್ಲಿಲ್ಲೇನು?"

ಪರದೆ ನೋಡದೆ ಬರೀ ಕೇಳಿಸಿಕೊಂಡವಳಿಗೆ ಗೊತ್ತಾಗಿತ್ತು!

ಈ ಆಟದ ನಿಯಮಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಬಂದಿದ್ದು, 1974ರಲ್ಲಿ ಶುರುವಾದ, ಮೇಜಿನ ಸುತ್ತ ಕೂತು ದಾಳ ಹಾಕಿ ಆಡೋ ಆಟ. ಅಲ್ಲಿ ಡಂಜನ್ ಮಾಸ್ಟರ್ ಅಂತ ಒಬ್ಬ ಮನುಷ್ಯ ಕತೆ ನಡೆಸ್ತಾನೆ. ಆಡೋರು ಸೋತು ಸುಣ್ಣ ಆಗಿದ್ದು ಕಂಡರೆ ಶತ್ರುವನ್ನು ಸ್ವಲ್ಪ ಮೆತ್ತಗೆ ಮಾಡ್ತಾನೆ, ಯಾರಿಗೂ ತಿಳಿಯದ ಹಾಗೆ. ಕಂಪ್ಯೂಟರಿಗೆ ನಮ್ಮ ಮುಖ ಕಾಣೋದಿಲ್ಲ, ಅದಕ್ಕೇ ಸ್ಲೈಡರ್ ಕೊಟ್ಟಿದ್ದಾರೆ. ಅವತ್ತು ರಾತ್ರಿ ನಾನು ಕಳ್ಳ ಡಂಜನ್ ಮಾಸ್ಟರ್ ಆದೆ. ಆದರೆ ಕೈ ಹದ ಗೊತ್ತಿರಲಿಲ್ಲ, ಪೂರ್ತಿ ಎಳೆದುಬಿಟ್ಟೆ.

ಜಗಳ ಬೇರೆ, ಕತೆ ಬೇರೆ ಅನ್ನೋದನ್ನು ನಾನು ಈಗ ಒಪ್ಪೋದಿಲ್ಲ. ನಮ್ಮ ಮುಧೋಳದ ರನ್ನನನ್ನೇ ನೋಡಿ. 'ಗದಾಯುದ್ಧ'ದಲ್ಲಿ ಅವನು ಹಿಡಿದದ್ದು ಭೀಮ-ದುರ್ಯೋಧನರ ಒಂದೇ ಒಂದು ಕಾಳಗ. ಆದರೆ ಅದರೊಳಗೇ ಇಡೀ ಭಾರತವನ್ನು ಹಿಂದಿರುಗಿ ನೋಡಿದ. ಅಲ್ಲಿ ದುರ್ಯೋಧನ ಸುಲಭಕ್ಕೆ ಬೀಳೋ ಆಳಾಗಿದ್ದರೆ ಆ ಕಾವ್ಯ ಯಾರಿಗೆ ಬೇಕಿತ್ತು? ಇನ್ನೊಂದು ಕಡೆ 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್. ಅದರ ನಾಯಕ ಸತ್ತರೂ ಮತ್ತೆ ಏಳ್ತಾನೆ, ಕೊನೆಯ ಎದುರಾಳಿಯನ್ನು ಬರೀ ಮಾತಿನಿಂದಲೂ ಗೆಲ್ಲಬಹುದು. ಅಲ್ಲಿ ಮಾತೇ ಯುದ್ಧ. ಅದೂ ಸರಿಯೇ. ನನ್ನ ತಕರಾರು ಹೇಳಲು ಹೊಸದೇನೂ ಇಲ್ಲದ ಜಗಳದ ಬಗ್ಗೆ ಮಾತ್ರ. ನೋಲ್ ಕೋಟೆಯಲ್ಲಿ ಪ್ರತಿ ಏಟಿಗೂ ಒಂದು ಸುದ್ದಿ ಇತ್ತು. ಸರೇವೋಕನ ಮುಂದೆ ಹತ್ತನೇ ಸಲ ಸತ್ತಾಗ ಇರಲಿಲ್ಲ. ನಾನು ಸ್ಲೈಡರ್ ಎಳೆದ ಮೇಲೂ ಇರಲಿಲ್ಲ.

ಆಮೇಲೆ ಮಾಮಾ ಹೇಳಿದ್ದು, ಊರಿಗೆ ಹೋದ ಮೇಲೆ ಆಯಿ ಓಣಿಯ ಹೆಣ್ಮಕ್ಕಳಿಗೆಲ್ಲ ಕತೆ ಹೇಳ್ತಿದ್ದಳಂತೆ. ಸರೇವೋಕ್ ಸತ್ತದ್ದಲ್ಲ. ಇಲಿ ಇಟ್ಟುಕೊಂಡ ಪೈಲ್ವಾನ ಒಬ್ಬನೇ ಕೋಟೆ ಬಾಗಿಲಲ್ಲಿ ನಿಂತದ್ದು. ಆಯಿ ಈಗಿಲ್ಲ. ಆಕೆ ಕೊನೆ ಕೇಳಿಕೊಂಡೇ ಊರಿಗೆ ಹೋದಳಲ್ಲ ಅನ್ನೋ ಸಮಾಧಾನ ನನಗಿದೆ, ಹಾಗಾಗಿ ಮಾಡಿದ್ದು ತಪ್ಪು ಅಂತ ಇವತ್ತಿಗೂ ಅನಿಸಿಲ್ಲ. ಆದರೆ ಅಣ್ಣನ ಗೆಲುವನ್ನು ನಾನು ಕದ್ದಿದ್ದೆ, ಅದು ಚುಚ್ಚುತ್ತಿತ್ತು.

ಭಾನುವಾರ ಚಹಾ ಹಿಡಿದು ಬಂದವನೇ ಎಲ್ಲ ಹೇಳಿಬಿಟ್ಟೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಅಣ್ಣ ನಗಲಿಲ್ಲ. ಬಸಿಯಲ್ಲಿದ್ದ ಚಹಾ ಆರುವವರೆಗೂ ಸುಮ್ಮನಿದ್ದ. ಆಮೇಲೆ ಅಂದ,

"ಹಂಗಾರ ಆ ಮಗಾ ಇನ್ನೂ ಜೀವಂತ ಅದಾನಲೇ."

ನಿನ್ನೆ ರಾತ್ರಿ ಅಣ್ಣನ ಮಗಳ ಫೋನು. ಅದೇ ಹಳೆಯ ಆಟದ 2012ರ ಎನ್ಹಾನ್ಸ್ಡ್ ಎಡಿಶನ್ ಹಾಕಿಸಿಕೊಂಡು ಕೂತಿದ್ದಾನಂತೆ. ಅದರಲ್ಲಿ ಯಾರೂ ಸಾಯದ 'ಸ್ಟೋರಿ ಮೋಡ್' ಕೂಡ ಇದೆ, ನಮ್ಮವನು ಅದರ ಕಡೆ ತಿರುಗಿಯೂ ನೋಡಿಲ್ಲ. ಛತ್ರದ ಮೆಟ್ಟಿಲ ಮೇಲೆ ಆಗಲೇ ಮೂರು ಸಲ ಸತ್ತಿದ್ದಾನೆ. "ಕಾಕಾ, ನಾ ಬಾಜೂಕ ಕುಂತು ನೋಡಾಕತ್ತೇನಿ, ಮಸ್ತ್ ಐತಿ" ಅಂದಳು.

ಮುಂದಿನ ಭಾನುವಾರ ನಾನೂ ಹೋಗಬೇಕು. ಓದಿ ಹೇಳೋರು ಒಬ್ಬರು ಬೇಕಲ್ಲ!