ಸೇರಿಸಿ, ವಾಪಸ್ ಕಳಿಸಿ

ಮೂವತ್ತಮೂರು ವರ್ಷ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಸೀಲು ಹೊಡೆದೆ. ಹುದ್ದೆಯ ಹೆಸರು ಪ್ರಥಮ ದರ್ಜೆ ಸಹಾಯಕ. ಕೆಲಸ ಮಾತ್ರ ಬಂದ ಟಪಾಲಿಗೆ ‘ಸ್ವೀಕರಿಸಲಾಗಿದೆ’, ಹೋಗುವ ಟಪಾಲಿಗೆ ‘ರವಾನಿಸಲಾಗಿದೆ’. ಮೇಜಿನ ಸ್ಟ್ಯಾಂಡಿನಲ್ಲಿ ಒಂಬತ್ತು ಸೀಲುಗಳು ನವಗ್ರಹಗಳ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡು ನೇತಾಡುತ್ತಿದ್ದವು. ಗುಂಡು ಸೀಲಿನ ಗತ್ತೇ ಬೇರೆ. ಅದರ ವಾಸ ಸಾಹೇಬರ ಬೀರುವಿನಲ್ಲಿ. ಅದು ಬೀಳದಿದ್ದರೆ ಎದುರಿಗೆ ನಿಂತು ಕೆಮ್ಮುತ್ತಿರುವ ಪಿಂಚಣಿದಾರ ಬದುಕಿದ್ದಾನೆ ಎನ್ನುವುದಕ್ಕೂ ಆಧಾರವಿರಲಿಲ್ಲ. ನಿದ್ದೆಯಲ್ಲಿ ನನ್ನ ಬಲಗೈ ಹಾಸಿಗೆಯನ್ನು ಎರಡೆರಡು ಸಲ ಬಡಿಯುತ್ತಿತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ: ಒಂದು ಪ್ಯಾಡಿಗೆ, ಒಂದು ಕಾಗದಕ್ಕೆ.

ನಿವೃತ್ತಿಯಾದ ಮೇಲೆ ನಮ್ಮ ಕಡೆಯ ಅಜ್ಜ ಅಜ್ಜಿಯರೆಲ್ಲ ಮಾಡುವಂತೆ ಚಟ್ನಿಪುಡಿ, ಉಪ್ಪಿನಕಾಯಿ ಸಮೇತ ಅಮೆರಿಕಕ್ಕೆ ಹೊರಟೆವು, ಮೊಮ್ಮಗನನ್ನು ಆಡಿಸಲು. ಮಗಳ ಮನೆ ಡೆಟ್ರಾಯಿಟ್ ಹತ್ತಿರ. ಹೊರಗೆ ಹಿಮ. ನಡೆದು ಹೋಗಬಹುದಾದ ಜಾಗ ಒಂದೇ, ಲೈಬ್ರರಿ. ಅಲ್ಲಿ ಒಂದು ದಪ್ಪ ಪುಸ್ತಕ ತೆರೆದರೆ, ಮಗು ಗೀಚಿದಂಥ ಉದ್ದ ಮೂಗಿನ ಮೊಲದ ತಲೆಗಳ ಸಾಲು, ಪಕ್ಕದಲ್ಲಿ ರಬ್ಬರ್ ಸ್ಟ್ಯಾಂಪು. ಸಮುದ್ರದಾಚೆಯೂ ಸೀಲು ನನ್ನನ್ನು ಬಿಡಲಿಲ್ಲವಲ್ಲ ಎಂದುಕೊಂಡೆ.

ಹೊಡೆದವನ ಹೆಸರು ರೇ ಜಾನ್ಸನ್. ಹುಟ್ಟಿದ್ದು 1927ರಲ್ಲಿ, ಅದೇ ಡೆಟ್ರಾಯಿಟ್‌ನಲ್ಲಿ. ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಜೋಸೆಫ್ ಆಲ್ಬರ್ಸ್ ಹತ್ತಿರ ಕಲಿತು, ನ್ಯೂಯಾರ್ಕಿಗೆ ಹೋಗಿ, ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತ ಕೊಲಾಜ್ ಮಾಡಿದ. ಎಲ್ಲರೂ ಗ್ಯಾಲರಿಯ ಬಾಗಿಲು ತಟ್ಟುತ್ತಿದ್ದ ಕಾಲದಲ್ಲಿ ಈ ಪುಣ್ಯಾತ್ಮ ಅಂಚೆಪೆಟ್ಟಿಗೆಯ ಬಾಯಿಗೆ ಕಲೆ ತುರುಕಿದ. ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ, ಸಿನಿಮಾ ತಾರೆಯರಿಗೆ ಮೊಲ, ಹಾವು, ಹರಕು ಚೂರುಗಳನ್ನು ಲಕೋಟೆಯಲ್ಲಿ ಹಾಕಿ ಕಳಿಸುವುದು. ‘ಇದಕ್ಕೇನಾದರೂ ಸೇರಿಸಿ ರೇ ಜಾನ್ಸನ್‌ಗೆ ವಾಪಸ್ ಕಳಿಸಿ’ ಎಂದು ಕೇಳುವುದು. ಈ ಬಳಗಕ್ಕೆ ‘ನ್ಯೂಯಾರ್ಕ್ ಕರೆಸ್ಪಾಂಡೆನ್ಸ್ ಸ್ಕೂಲ್’ ಎಂಬ ಹೆಸರು ಬಂತು. ಈತ ಕರೆಸ್ಪಾಂಡೆನ್ಸ್‌ನ ಬಾಲ ಕತ್ತರಿಸಿ ‘ಡಾನ್ಸ್’ ಅಂಟಿಸಿದ. ನಮ್ಮ ಕಚೇರಿಯಲ್ಲಾಗಿದ್ದರೆ ಆ ಕಾಗುಣಿತಕ್ಕೆ ಮೆಮೊ ಖಚಿತ. ಅಲ್ಲಿ 1970ರಲ್ಲಿ ವಿಟ್ನಿ ಮ್ಯೂಸಿಯಂ ಅದೇ ಹೆಸರಿನಲ್ಲಿ ಪ್ರದರ್ಶನ ಮಾಡಿತು. ಗೋಡೆಯ ಮೇಲಿದ್ದದ್ದು ಅವನ ಕೃತಿಗಳಲ್ಲ, ಬೇರೆಯವರು ಅವನಿಗೆ ಕಳಿಸಿದ್ದು. ಆವಕ ಟಪಾಲಿನ ಪ್ರದರ್ಶನ! ನಮ್ಮ ರೆಕಾರ್ಡ್ ರೂಮಿನ ಗೆದ್ದಲುಗಳು ಎಂಥ ಮ್ಯೂಸಿಯಂ ಅನ್ನು ಮೇಯ್ದು ಮುಗಿಸಿದವೋ.

ವ್ಯಾಪಾರದಲ್ಲೂ ಇದೇ ಕಿಡಿಗೇಡಿತನ. ಒಬ್ಬರು ಕೊಲಾಜ್ ಮೆಚ್ಚಿ, ಬೆಲೆಯಲ್ಲಿ ಕಾಲುಭಾಗ ಬಿಡಿ ಎಂದು ಚೌಕಾಸಿ ಮಾಡಿದರಂತೆ. ಜಾನ್ಸನ್ ಒಪ್ಪಿಕೊಂಡ. ಕೃತಿ ಕೈಗೆ ಬಂದಾಗ ಅದರ ಕಾಲುಭಾಗ ಕತ್ತರಿಸಿಹೋಗಿತ್ತು. ನನ್ನಾಕೆಗೆ ಇದನ್ನು ಹೇಳಿದೆ. ‘ನಮ್ಮ ಸೊಪ್ಪಿನವಳೂ ಹಾಗೇ, ಅವಳನ್ನೇನು ಕಲಾವಿದೆ ಅಂತೀರಾ?’ ಎಂದಳು.

1973ರಲ್ಲಿ ‘ಸ್ಕೂಲ್ ಸತ್ತಿತು’ ಎಂದು ನ್ಯೂಯಾರ್ಕ್ ಟೈಮ್ಸ್‌ನ ನಿಧನವಾರ್ತೆ ವಿಭಾಗಕ್ಕೇ ಪತ್ರ ಹಾಕಿದ. ಆಮೇಲೆ ಬುದ್ಧ ಯೂನಿವರ್ಸಿಟಿ ಎಂಬ ಹೊಸ ಹೆಸರಿನಲ್ಲಿ ಹಳೆಯ ಟಪಾಲು ಮುಂದುವರಿಯಿತು. ಲಾಂಗ್ ಐಲೆಂಡಿನ ಮನೆಯಲ್ಲಿ ಒಂಟಿಯಾಗಿದ್ದು ಜಗತ್ತಿಗೆಲ್ಲ ಕಾಗದ ಬರೆದ ಮನುಷ್ಯ, 1995ರ ಜನವರಿ 13ರಂದು ಸ್ಯಾಗ್ ಹಾರ್ಬರಿನ ನೀರಿನಲ್ಲಿ ಹೋಗಿಬಿಟ್ಟ. ವಯಸ್ಸು 67. ಆರೂ ಏಳೂ ಸೇರಿಸಿದರೆ ಹದಿಮೂರು ಎಂದು ಅವನ ಗೆಳೆಯರು ಇನ್ನೂ ಲೆಕ್ಕ ಹಾಕುತ್ತಾರೆ. ನಾನು ಹಾಕುವುದಿಲ್ಲ. ಮೊಮ್ಮಗ ಎದ್ದ, ಪುಸ್ತಕ ಮುಚ್ಚಿದೆ.

ಊರಿಗೆ ಬಂದವನೇ ನಾನೂ ಒಂದು ಸೀಲು ಮಾಡಲು ಕೂತೆ. ಹಿಂದೆ ಕಚೇರಿಯ ಎದುರಿಗೇ ಒಬ್ಬ ಸೀಲಿನ ಮುದುಕನಿದ್ದ. ಅಚ್ಚುಮೊಳೆ ಜೋಡಿಸಿ, ಪ್ಲಾಸ್ಟರಿನಲ್ಲಿ ಪಡಿಯಚ್ಚು ತೆಗೆದು, ರಬ್ಬರ್ ಹಾಳೆ ಇಟ್ಟು ಬಿಸಿಯಲ್ಲಿ ಒತ್ತುತ್ತಿದ್ದ. ಸುಟ್ಟ ರಬ್ಬರಿನ ವಾಸನೆ ನಮ್ಮ ಟಪಾಲು ವಿಭಾಗದವರೆಗೂ ಬರುತ್ತಿತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ. ಅಳಿಸುವ ರಬ್ಬರಿನ ಮೇಲೆ ಬ್ಲೇಡಿನಲ್ಲಿ ‘ಸೇರಿಸಿ, ವಾಪಸ್ ಕಳಿಸಿ’ ಎಂದು ಕೆತ್ತಿದೆ. ಒತ್ತಿದರೆ ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು. ಸೀಲಿನಲ್ಲಿ ಅಕ್ಷರ ಉಲ್ಟಾ ಇರಬೇಕೆಂಬುದು ಮೂವತ್ತಮೂರು ವರ್ಷ ಅದನ್ನೇ ಹಿಡಿದವನಿಗೆ ಹೊಳೆಯಲಿಲ್ಲ. ಬೆರಳು ಎರಡು ಕಡೆ ಕುಯ್ದುಕೊಂಡು, ಮೂರನೇ ರಬ್ಬರಿಗೆ ಸರಿಯಾಯಿತು.

ಐವತ್ತು ಪೈಸೆಯ ಏಳು ಕಾರ್ಡು ತಂದೆ. ಒಂದೊಂದರಲ್ಲೂ ಒಂದು ಮೊಲ ಬರೆದು, ಸೀಲು ಒತ್ತಿ, ಹಳೆಯ ಗೆಳೆಯರಿಗೆ ಹಾಕಿದೆ. ಏಳನೆಯದು, ಹನ್ನೊಂದು ವರ್ಷ ನನ್ನ ಎದುರು ಮೇಜಿನಲ್ಲಿ ಕೂತು ‘ರವಾನಿಸಲಾಗಿದೆ’ ಹೊಡೆದ ಗೆಳೆಯನಿಗೆ. ಅವನಿಗೆ ಸೊರಬದ ಕಡೆ ವರ್ಗವಾದ ಮೇಲೆ ಪತ್ರ ನಿಂತಿತ್ತು. ಕೊನೆಯದು ಅವನದೇ, ನಾನು ಉತ್ತರ ಬರೆದಿರಲಿಲ್ಲ.

ವಾರದಲ್ಲಿ ಫೋನು ಶುರುವಾಯಿತು. ‘ಆರೋಗ್ಯ ಹೇಗಿದೆ?’ ಎಂದು ಒಬ್ಬ ಮೆಲ್ಲಗೆ ವಿಚಾರಿಸಿದ. ‘ವಾಪಸ್ ಕಳಿಸಿ ಅಂತ ಇದೆ, ನಿನಗೆ ಎಷ್ಟು ಕೊಡಬೇಕಿತ್ತು?’ ಎಂದು ಇನ್ನೊಬ್ಬ ಗಾಬರಿಯಾದ. ಮತ್ತೊಬ್ಬ ಕಾರ್ಡಿನ ಫೋಟೊ ತೆಗೆದು, ಮೇಲೊಂದು ಹೂವಿಟ್ಟು, ಶುಭೋದಯ ಎಂದು ವಾಟ್ಸಾಪಿಗೆ ಹಾಕಿದ. ಸೇರಿಸಿದ್ದೇನೋ ನಿಜ, ಆದರೆ ಕಾರ್ಡು ಬರಲಿಲ್ಲ.

ಬಂದದ್ದು ಒಂದೇ, ಏಳನೆಯದು, ಐದು ವಾರದ ನಂತರ. ಮೊಲ ಹಾಗೇ ಇತ್ತು. ಅದರ ಕಿವಿಯ ಮೇಲೆ ಅಂಚೆಯವರ ಗುಂಡು ಸೀಲು, ಪಕ್ಕದಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ‘ವಿಳಾಸದಾರರು ತೀರಿಕೊಂಡಿದ್ದಾರೆ’ ಎಂಬ ಷರಾ, ಕೆಳಗೊಂದು ಚಿಕ್ಕ ಸಹಿ. ಷರಾ ಸ್ಪಷ್ಟವಾಗಿತ್ತು. ಸೀಲಿನ ತಾರೀಖು ಮಾತ್ರ ಓದಲಾಗಲಿಲ್ಲ, ಪ್ಯಾಡಿನಲ್ಲಿ ಮಸಿ ಕಮ್ಮಿ.