ನಾನು ಅಂದ ಒಂದು ‘ಹೂಂ’

ನಮ್ಮ ಅಬ್ಬಾ ಕಳ್ಳಕವಟಗಿಯಿಂದ ಸುತ್ತಲಿನ ಹಳ್ಳಿಗಳಿಗೆ ಬೈಕಿನ ಮೇಲೆ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ಹೋಗಿ ಮಾರುತ್ತಾರೆ. ಬೈಕ್ ನಿಂತರೆ ಅಂದಿನ ವ್ಯಾಪಾರವೂ ನಿಂತಂತೆ. ಕಳೆದ ಬೇಸಿಗೆಯಲ್ಲಿ ಮಾಲು ತರಲು ನಾವಿಬ್ಬರೂ ವಿಜಯಪುರಕ್ಕೆ ಹೋದಾಗ ಅದು ನಡುರಸ್ತೆಯಲ್ಲೇ ಕೈಕೊಟ್ಟಿತು. ಬಿಸಿಲಲ್ಲಿ ತಳ್ಳಿಕೊಂಡು ಹೋಗಿ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದೆವು.

ಅಲ್ಲಿದ್ದವನು ಎರಡು ಸಲ ಕಿಕ್ ಹೊಡೆದು, “ಬ್ಲಾಕ್, ಪಿಸ್ಟನ್ ಹೋಗ್ಯಾವ. ನಾಲ್ಕು ಸಾವಿರದ ಎರಡ್ನೂರು ಆಗತೈತಿ, ಸಂಜಿಗೆ ಬರ್ರಿ” ಎಂದ. ಅಬ್ಬಾ ನನ್ನ ಮುಖ ನೋಡಿದರು. ಅವರಿಗೆ ಓದು ಬರಹ ಬಾರದು. ಪೇಟೆಯಲ್ಲಿ ಏನೇ ವ್ಯವಹಾರವಿದ್ದರೂ “ನೀನು ಓದಿದವ, ನೀನೇ ಕೇಳು ಬೇಟಾ” ಎನ್ನುತ್ತಾರೆ. ಗ್ಯಾರೇಜಿನವನೂ ನನ್ನ ಕಡೆ ತಿರುಗಿ, “ಕಾಲೇಜ್ ಹುಡುಗ ಅದಿ, ಪಿಸ್ಟನ್ ಅಂದ್ರ ಗೊತ್ತಿರಬೇಕಲ್ಲ?” ಎಂದ. ನನಗೆ ಗೊತ್ತಿರಲಿಲ್ಲ. ಹಾಗೆನ್ನಲು ನಾಚಿಕೆಯಾಗಿ “ಹೂಂ” ಎಂದೆ. ಆ ಒಂದು ‘ಹೂಂ’ ನಂಬಿ ಅಬ್ಬಾ ಮಾಲಿಗೆ ತಂದಿದ್ದ ಹಣವನ್ನು ಎಣಿಸಿ ಕೊಟ್ಟರು.

ಎಂಟೇ ದಿನಕ್ಕೆ ಬೈಕ್ ಮತ್ತೆ ನಿಂತಿತು. ನಮ್ಮೂರ ಮಿಸ್ತ್ರಿ ಕಾಕಾ ಕುಳಿತು ನೋಡಿ, “ಈ ನಟ್ ನೋಡು. ಮಣ್ಣು, ಎಣ್ಣಿ ಕೂಡಿ ಗಟ್ಟಿಯಾಗೈತಿ. ಪಾನಾ ಹಚ್ಚಿದ್ರ ಹಿಂಗ ಇರ್ತಿತ್ತೇನು? ಬ್ಲಾಕ್ ಬಿಚ್ಚೇ ಇಲ್ಲ” ಎಂದರು. ಆಯಿಲ್ ಕೂಡ ಹಳೆಯದೇ, ಕಪ್ಪಗೆ ಮಂದವಾಗಿತ್ತು. ನಿಜವಾದ ದೋಷ ಕಾರ್ಬೊರೇಟರಿನ ಜೆಟ್‌ನಲ್ಲಿ ಸಿಕ್ಕಿದ್ದ ಕಸ. ಅದನ್ನು ತೆಗೆದು ಸ್ವಚ್ಛ ಮಾಡಿದ್ದಕ್ಕೆ ಅವರು ತೆಗೆದುಕೊಂಡದ್ದು 150 ರೂಪಾಯಿ.

ಮರುದಿನ ಗ್ಯಾರೇಜಿಗೆ ಹೋದೆವು. “ಬಿಲ್ ತೋರಿಸ್ರಿ” ಎಂದ. ಬಿಲ್ ಎಲ್ಲಿಂದ ತರುವುದು? ನಾವು ಕೇಳಿರಲೇ ಇಲ್ಲ. ಹಳೆಯ ಪಿಸ್ಟನ್ ತೋರಿಸು ಎಂದೂ ಅಂದಿರಲಿಲ್ಲ. ಬರಿಗೈಲಿ ತಿರುಗಿ ಬಂದೆವು. ದಾರಿಯಲ್ಲಿ ಅಬ್ಬಾ ನನಗೆ ಚಹಾ ಕುಡಿಸಿ “ಹೋಗಲಿ ಬಿಡು” ಎಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ವ್ಯವಹಾರ ಅಧ್ಯಯನದಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಬರೆದದ್ದನ್ನು ಗ್ಯಾರೇಜಿನಲ್ಲಿ ಮರೆತಿದ್ದೆ. ಆಮೇಲೆ ಪುಸ್ತಕ ತೆಗೆದು, ಉಪನ್ಯಾಸಕರನ್ನೂ ಕೇಳಿ ತಿಳಿದುಕೊಂಡೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಡಿದ ಕೆಲಸಕ್ಕೆ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. 1915ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಆದರೆ ಅಲ್ಲೆಲ್ಲ ಮೊದಲು ಬೇಕಾಗುವುದು ಆಧಾರ.

ಆದ್ದರಿಂದ ಗೆಳೆಯರೇ, ಗಾಡಿ ಬಿಡುವ ಮೊದಲೇ ಏನು ಕೆಲಸ, ಎಷ್ಟು ಖರ್ಚು ಎಂದು ಬರೆಸಿಕೊಳ್ಳಿ. ಹೊಸ ಸಾಮಾನಿನ ಡಬ್ಬಿ ಮೇಲಿನ ಎಂಆರ್‌ಪಿ ನೋಡಿ. ಬಿಚ್ಚಿದ ಹಳೆಯ ಸಾಮಾನು ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಹಣ ಕೊಡಬೇಡಿ. ದೊಡ್ಡ ಖರ್ಚು ಹೇಳಿದರೆ ಇನ್ನೊಬ್ಬ ಮಿಸ್ತ್ರಿಗೂ ತೋರಿಸಿ.

ಎಲ್ಲ ಗ್ಯಾರೇಜಿನವರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಾಲೇಜಿನ ಎಷ್ಟೋ ಹುಡುಗರ ಅಣ್ಣಂದಿರು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಹಲಾಲ್ ದುಡಿಮೆ ಮಾಡುತ್ತಾರೆ. ಒಬ್ಬನ ಮೋಸ ಅವರೆಲ್ಲರ ಹೆಸರು ಕೆಡಿಸುತ್ತದೆ. ತೂಕದಲ್ಲಿ ಮೋಸ ಮಾಡುವವರ ಬಗ್ಗೆಯೇ ಕುರ್‌ಆನಿನಲ್ಲಿ ‘ಅಲ್ ಮುತಫ್ಫಿಫೀನ್’ ಎಂಬ ಒಂದು ಸೂರಾ ಇದೆ. ಮಾಡದ ಕೆಲಸಕ್ಕೆ ಹಣ ಪಡೆಯುವುದೂ ಕಡಿಮೆ ತೂಕವೇ ಅಲ್ಲವೇ?

ಕೆಲವು ದಿನಗಳ ನಂತರ ಅಬ್ಬಾನ ಮುಂದೆ ಒಪ್ಪಿಕೊಂಡೆ: “ಅವತ್ತು ನನಗೆ ಏನೂ ಗೊತ್ತಿರಲಿಲ್ಲ.” ಅಬ್ಬಾ ನಕ್ಕು, “ನನಗೂ ಗೊತ್ತಿರಲಿಲ್ಲ, ಅದಕ್ಕೇ ನಿನ್ನ ಮುಖ ನೋಡಿದೆ” ಎಂದರು.

ಮೊನ್ನೆ ತಿಕೋಟಾದಲ್ಲಿ ಬೈಕಿನ ಚೈನ್ ಬದಲಿಸಿದೆವು. “ಅಣ್ಣಾ, ನನಗ ಇದು ತಿಳಿಯಂಗಿಲ್ಲ, ಸ್ವಲ್ಪ ತೋರಿಸಿ ಹೇಳ್ರಿ” ಎಂದೆ. ಅವರು ಸವೆದ ಹಲ್ಲು ತೋರಿಸಿ ಹೇಳಿದರು, ಹಳೆಯ ಚೈನನ್ನು ಚೀಲದಲ್ಲಿ ಹಾಕಿ ಕೊಟ್ಟರು, ಬಿಲ್ಲನ್ನೂ ಬರೆದರು. ಅಬ್ಬಾ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ