ಕಡಾಣಿ

‘ವೀಲ್ ಒಂದೇ ಬರಾಕಿಲ್ಲ ಸಾ, ಹೊಸ ಗಾಡಿನೇ ತಗೊಬುಡಿ’ ಅಂದ ಅಂಗಡಿ ಹುಡುಗ. ಮೊಮ್ಮಗನ ಮೂರುಗಾಲಿ ಸೈಕಲ್ಲಿನ ಹಿಂದಿನ ಪ್ಲಾಸ್ಟಿಕ್ ಚಕ್ರ ಅಚ್ಚಿನ ತೂತಿನ ಹತ್ತಿರ ಸೀಳಿತ್ತು, ಅಷ್ಟೇ. ಹ್ಯಾಂಡಲ್ಲು ಗಟ್ಟಿ, ಸೀಟು ಗಟ್ಟಿ, ಮಿಕ್ಕೆರಡು ಚಕ್ರ ಗಟ್ಟಿ. ಒಂದು ಗಾಲಿಗಾಗಿ ಇಡೀ ಗಾಡಿಯನ್ನು ಗುಜರಿಗೆ ಹಾಕಬೇಕೆ? ಮದ್ದೂರಿನಿಂದ ಗೆಜ್ಜಲಗೆರೆಗೆ ವಾಪಸ್ಸು ಬರುವಾಗ ಸರ್ವಿಸ್ ರಸ್ತೆಯುದ್ದಕ್ಕೂ, ಮನ್‌ಮುಲ್ ಡೇರಿ ಕಾಣುವವರೆಗೂ ಇದೇ ಸಿಟ್ಟು. ಪ್ಲಾಸ್ಟಿಕ್ಕು ಬಾಳಿಕೆ ಬರುವುದಿಲ್ಲ, ಕಾಲ ಬದಲಾಯಿತು ಎನ್ನುವುದೆಲ್ಲ ಗೊತ್ತಿರುವ ಮಾತು, ಬಿಡಿ. ಚಕ್ರವೆಂದರೆ ಅಂಗಡಿಯಲ್ಲೇ ಸಿಗಬೇಕಾದ್ದು ಎಂದು ನಾವು ಒಪ್ಪಿಕೊಂಡುಬಿಟ್ಟೆವಲ್ಲ, ನನ್ನ ತಕರಾರು ಅದರ ಮೇಲೆ.

ಈ ಸೀಮೆಯ ಮಕ್ಕಳು ಚಕ್ರವನ್ನು ಕೊಂಡವರಲ್ಲ, ಮಾಡಿಕೊಂಡವರು. ಬಾರು ಕಿತ್ತ ಹವಾಯಿ ಚಪ್ಪಲಿಯ ಮೇಲೆ ಡಬ್ಬಿಯ ಮುಚ್ಚಳ ಇಟ್ಟು ಗೀಟೆಳೆದು, ಬ್ಲೇಡಿನಲ್ಲಿ ಕೊಯ್ದು, ಒಲೆಯಲ್ಲಿ ಕಾಸಿದ ಛತ್ರಿ ಕಡ್ಡಿಯಿಂದ ನಡುವೆ ತೂತು ಕೊರೆದರೆ ಚಕ್ರ. ಸ್ವಲ್ಪ ದೊಡ್ಡವರಾದರೆ ಬೇರಿಂಗ್ ಗಾಡಿ. ಗ್ಯಾರೇಜಿನವರು ಬಿಸಾಕಿದ ಬೇರಿಂಗುಗಳಲ್ಲಿ ಹಿಂದಕ್ಕೆ ಎರಡು, ಮುಂದಕ್ಕೆ ಒಂದು, ಮೇಲೊಂದು ಹಲಗೆ. ಅಚ್ಚಿಗೆ ನೀಲಗಿರಿ ಕೋಲು. ಅದರ ತುದಿಯನ್ನು ಮಚ್ಚಿನಿಂದ ಕೆತ್ತಿ ಬೇರಿಂಗಿನ ಒಳಬಳೆಗೆ ಹೊಡೆದು ಕೂರಿಸಬೇಕು. ಸಡಿಲವಾಯಿತೋ, ಸೈಕಲ್ ಟ್ಯೂಬಿನ ಚೂರು ಸುತ್ತಿ ಮತ್ತೆ ಹೊಡೆಯಬೇಕು. ಒಳಬಳೆ ಕೋಲನ್ನು ಕಚ್ಚಿಕೊಂಡು ನಿಲ್ಲಬೇಕು, ಹೊರಬಳೆ ಮಾತ್ರ ತಿರುಗಬೇಕು. ಇಷ್ಟನ್ನು ಕೈಯಿಂದ ಕಲಿತ ಹುಡುಗನಿಗೆ ಐಟಿಐ ಮೇಷ್ಟ್ರು ಬೇರಿಂಗಿನ ಪಾಠ ಮಾಡಬೇಕಾಗಿಲ್ಲ.

ಸೈಕಲ್ ಚಕ್ರ ಕಟ್ಟುವುದು ಇದಕ್ಕಿಂತ ಸೂಕ್ಷ್ಮದ ಕೆಲಸ. ಹಾಲಿನ ಕ್ಯಾನು ಹೊರುತ್ತಿದ್ದ ದೊಡ್ಡ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಎತ್ತಿನ ಗಾಡಿಯ ಮರದ ಅರೆಕಾಲು ನಿಂತು ಭಾರ ಹೊರುತ್ತದೆ. ತಂತಿಯಂಥ ಕಡ್ಡಿ ಹಾಗೆ ನಿಲ್ಲಲಾರದು, ಒತ್ತಿದರೆ ಬಳುಕುತ್ತದೆ. ಅದಕ್ಕೇ ಸುತ್ತಲೂ ಎಳೆದು ಬಿಗಿದಿಡುವುದು. ಆ ಬಿಗಿಯೇ ಭಾರ ಹೊರುವುದು. ಕಡ್ಡಿಗಳನ್ನು ಓರೆಯಾಗಿ, ಒಂದನ್ನೊಂದು ಹಾಯುವಂತೆ ಹೆಣೆಯುವ ಕ್ರಮಕ್ಕೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ. ಪಂಚರ್ ಅಂಗಡಿಯವನು ಬೆಂಡ್ ತೆಗೆಯುವಾಗ ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸುತ್ತಾನೆ. ಎಲ್ಲಿ ಬಿಳಿ ಗೀರು ಬಿತ್ತೋ ಅಲ್ಲಿ ಉಬ್ಬಿದೆ ಎಂದು ಲೆಕ್ಕ. ಆ ಕಡೆಯ ಕಡ್ಡಿ ಕಾಲು ಸುತ್ತು ಸಡಿಲ, ಎದುರಿನದು ಕಾಲು ಸುತ್ತು ಬಿಗಿ. ಅವಸರ ಮಾಡಿದವನಿಗೆ ಈ ವಿದ್ಯೆ ಒಲಿಯುವುದಿಲ್ಲ.

ಆದರೆ ಎಲ್ಲದಕ್ಕೂ ಮೇಲು ಗಾಡಿ ಚಕ್ರವೇ. ಜಾಲಿಮರದ ಚಕ್ರಕ್ಕೆ ಆಚಾರ್ರು ಕಬ್ಬಿಣದ ಪಟ್ಟಿ ಏರಿಸುವುದನ್ನು ಕಂಡವರು ಮರೆಯಲಾರರು. ಪಟ್ಟಿ ಬೇಕೆಂತಲೇ ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದು. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಹದಿನೈದು ಅಡಿ ಕಬ್ಬಿಣ 400 ಡಿಗ್ರಿಯಷ್ಟು ಬಿಸಿ ಏರಿದರೂ ಎರಡು ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಕೂರಿಸಿ, ಸುತ್ತಿಗೆಯಿಂದ ಬಡಿದು, ಮರ ಹೊತ್ತಿಕೊಳ್ಳುವ ಮೊದಲು ಕೊಡಗಟ್ಟಲೆ ನೀರು ಸುರಿದರೆ ಕಬ್ಬಿಣ ಕುಗ್ಗಿ, ಒಳಗಿನ ಕೀಲೆಲ್ಲ ಕಿರುಗುಟ್ಟುತ್ತ ಬಿಗಿಯಾಗುತ್ತದೆ. ಮೊಳೆ ಕೆಲಸ ನೆಪಕ್ಕೆ ಮಾತ್ರ.

ಇಷ್ಟೆಲ್ಲ ಶ್ರಮದ ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಯಲ್ಲಿ ಕಾಯುವುದು ಗೇಣುದ್ದವೂ ಇಲ್ಲದ ಕಡಾಣಿ. ಕಡಾಣಿ ಎಂದ ಕೂಡಲೇ ನನಗೆ ಹರಿಕಥೆಯ ಕೈಕೇಯಿ ನೆನಪಾಗುತ್ತಾಳೆ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಬಿದ್ದುಹೋದಾಗ ಅಲ್ಲಿ ತನ್ನ ಬೆರಳಿಟ್ಟವಳು. ವಾಲ್ಮೀಕಿಯಲ್ಲಿ ಈ ಬೆರಳಿನ ಮಾತಿಲ್ಲ. ಗಾಯಗೊಂಡ ದೊರೆಯನ್ನು ರಣರಂಗದಿಂದ ಆಚೆ ಸಾಗಿಸುತ್ತಾಳೆ, ಅಷ್ಟೇ. ನನಗೆ ಹರಿಕಥೆಯೇ ಹೆಚ್ಚು. ದಾಸರು ಅವಳ ಧೈರ್ಯವನ್ನು ಹೊಗಳುತ್ತಾರೆ, ನಾನು ತಿಳಿವಳಿಕೆಯನ್ನು ಹೊಗಳುತ್ತೇನೆ. ಅಷ್ಟು ಗದ್ದಲದಲ್ಲಿ ಗಾಲಿ ಓಲಾಡುವುದನ್ನು ಗಮನಿಸಿದಳು, ಅಚ್ಚು ಮುರಿದಿಲ್ಲ, ಹೋದದ್ದು ಕಡಾಣಿ ಎಂದು ಗುರುತಿಸಿದಳು. ಅಶ್ವಪತಿಯ ಮಗಳು, ತೌರಿನಲ್ಲಿ ರಥಗಳ ನಡುವೆಯೇ ಬೆಳೆದಿರಬೇಕು. ಅದಕ್ಕೆ ಮೆಚ್ಚಿ ದಶರಥ ಕೊಟ್ಟ ವರಗಳನ್ನು ಮುಂದೆ ಹೇಗೆ ಬಳಸಿದಳೆಂಬುದು ಬೇರೆ ಮಾತು, ಸಂಪಾದಿಸಿದ್ದಂತೂ ನ್ಯಾಯವಾಗಿಯೇ.

ಕರ್ಣನ ರಥದಲ್ಲಿ ಅಂಥವರು ಯಾರೂ ಇರಲಿಲ್ಲ. ಇದ್ದ ಶಲ್ಯ ಚಕ್ರ ಎತ್ತಲು ಕೈ ಹಾಕಲಿಲ್ಲ. ಶಾಪದ ಸಂಗತಿ ಒತ್ತಟ್ಟಿಗಿರಲಿ, ಕಿರಿದಾದ ಪಟ್ಟಿಯ ಚಕ್ರ ಕೆಸರಲ್ಲಿ ಹೂಳದೆ ಇನ್ನೇನಾದೀತು? ನಾಲೆ ನೀರಿನ ಗದ್ದೆಗೆ ಟ್ರ್ಯಾಕ್ಟರ್ ಇಳಿಸುವ ನಮ್ಮವರು ಅದಕ್ಕೇ ಕಬ್ಬಿಣದ ಅಗಲವಾದ ಕೇಜ್ ವೀಲ್ ಹಾಕುವುದು. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಈಗಲೂ ರಾತ್ರಿಯಿಡೀ ನಡೆಯುತ್ತದೆ. ಆ ಸೀನಿಗೆ ಬಣ್ಣ ಬಳಿದ ರಟ್ಟಿನ ಬಿಲ್ಲೆ ತಂದು ನಿಲ್ಲಿಸಬೇಡಿರಪ್ಪ. ಹಟ್ಟಿಯ ಹಿತ್ತಿಲಲ್ಲಿ ಒರಗಿರುವ ನಿಜವಾದ ಗಾಡಿ ಚಕ್ರವನ್ನೇ ಉರುಳಿಸಿಕೊಂಡು ಬನ್ನಿ. ಕರ್ಣನ ಪಾತ್ರಧಾರಿ ಅದನ್ನು ಎತ್ತಲಿ, ಆ ಭಾರ ಎಷ್ಟೆಂದು ಮುಂದೆ ಕೂತ ಹುಡುಗರೂ ನೋಡಲಿ.